ಚುಕ್ಕಿ ಎಣಿಸಿದರೆ ಸಾಲದು

ನನ್ನ ಬೋಧನಾಭ್ಯಾಸದ ಪಾಠಗಳಲ್ಲಿ ಅತಿ ಹೆಚ್ಚು ಅಂಕ ಬಂದದ್ದು ಏಳನೆಯ ಪಾಠಕ್ಕೆ. ಅದೇ ಪಾಠದಲ್ಲಿ ನಾನು ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೆ. ಒಳ್ಳೆಯ ಅಂಕವೂ ತಪ್ಪು ಪಾಠವೂ ಒಂದೇ ಅವಧಿಯಲ್ಲಿ ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದಾಗ ನನಗೆ ಅನ್ನಿಸಿದ್ದನ್ನು ನಮ್ಮ ಬೋಧಕರ ಮತ್ತು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ನಾನು ಬೋಧನಾಭ್ಯಾಸ ಮಾಡಿದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ತರಗತಿ ಒಂಬತ್ತು. ಆಹಾರ ಸಂಪನ್ಮೂಲಗಳ ಸುಧಾರಣೆಯ ಪಾಠದಲ್ಲಿ ಬೆಳೆ ಸಂರಕ್ಷಣೆಯ ಭಾಗ ನನ್ನ ಪಾಲಿಗೆ ಬಂತು. ಕೀಟನಾಶಕವಿಲ್ಲದೆ ಕೀಟ ಹತೋಟಿ ಎಂಬಲ್ಲಿ ಉದಾಹರಣೆಯಾಗಿ ಗುಲಗಂಜಿ ಹುಳವನ್ನು ಆರಿಸಿಕೊಂಡೆ. ಎರಡು ರಾತ್ರಿ ಕೂತು ಥರ್ಮೋಕೋಲಿನಲ್ಲಿ ಅಂಗೈ ಅಗಲದ ಹುಳ ಮಾಡಿದೆ. ಹೊಳೆಯುವ ಕೆಂಪು ಬಣ್ಣ, ಮೇಲೆ 7 ಕಪ್ಪು ಚುಕ್ಕಿ. ಮೊಬೈಲಿನಲ್ಲಿ ಮೊದಲು ಸಿಕ್ಕಿದ ಚಿತ್ರ ಅದೇ ಆಗಿತ್ತು. ಕಪ್ಪುಹಲಗೆಯ ಮೇಲೆ ದುಂಡಗೆ ಬರೆದೆ: "ಗುಲಗಂಜಿ ಹುಳ ರೈತನ ಮಿತ್ರ. ಅದನ್ನು ಕೊಲ್ಲಬಾರದು." ಮಕ್ಕಳು ಬರೆದುಕೊಂಡರು. ಮೌಲ್ಯಮಾಪನದ ಹಂತದಲ್ಲಿ "ರೈತನ ಮಿತ್ರ ಕೀಟಕ್ಕೆ ಒಂದು ಉದಾಹರಣೆ ಕೊಡಿ" ಎಂದಾಗ ಇಡೀ ತರಗತಿ ಒಂದೇ ಕಂಠದಲ್ಲಿ ಉತ್ತರ ಹೇಳಿತು. ವೀಕ್ಷಣಾ ಹಾಳೆಯಲ್ಲಿ "ಬೋಧನೋಪಕರಣ ಆಕರ್ಷಕ, ಪಾಠ ಸ್ಥಳೀಯ ಬದುಕಿಗೆ ಹೊಂದಿಕೊಂಡಿದೆ" ಎಂಬ ಷರಾ ಬಂತು. ಖುಷಿಯಿಂದ ಊರಿಗೆ ಹೋದೆ.

ಎರಡು ವಾರ ಕಳೆದ ಮೇಲೆ ಒಬ್ಬ ವಿದ್ಯಾರ್ಥಿನಿ ಕಂಪಾಸ್ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆದಾಗ ಒಳಗೆ ಕಿತ್ತಳೆ ಮಿಶ್ರಿತ ಕಂದು ಬಣ್ಣದ ನಾಲ್ಕು ಹುಳಗಳಿದ್ದವು. ಮೈತುಂಬ ಕಪ್ಪು ಚುಕ್ಕಿ.

"ಮಿಸ್, ಇವು ಗುಲಗಂಜಿ ಹುಳ ತಾನೆ?"

"ಹೌದು."

"ನಮ್ಮಮ್ಮ ದಿನಾ ಬದನೆ ಗಿಡದಿಂದ ಇವನ್ನ ಆರಿಸಿ ಸೀಮೆಎಣ್ಣೆ ನೀರಿಗೆ ಹಾಕ್ತಿದ್ರು ಮಿಸ್. ಕೊಲ್ಲಬಾರದು ಅಂತ ನಾನು ಬಿಡಿಸಿದೆ. ಈಗ ಎಲೆ ಎಲ್ಲ ಜರಡಿ ಆಗಿದೆ."

ಆ ಸಂಜೆ ಅವರ ಮನೆಗೆ ಹೋದೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರ ಅಂಚಿನಲ್ಲಿ ಕೆಲವು ಸಾಲು ಬದನೆ. ಎಲೆಗಳಲ್ಲಿ ಹಸಿರು ಹೋಗಿ ಒಣಗಿದ ಬಲೆಯಷ್ಟೇ ಉಳಿದಿತ್ತು. ಎಲೆ ತಿರುಗಿಸಿದರೆ ಕೆಳಗೆ ಮೈಯೆಲ್ಲ ಕವಲೊಡೆದ ಮುಳ್ಳಿರುವ ಹಳದಿ ಮರಿಹುಳಗಳು ಸಾಲಾಗಿ ಕೆರೆಯುತ್ತಿದ್ದವು. ಎರಡು ಕೊಯ್ಲು ಹೋಗಿತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ. ಟೀ ಕೊಟ್ಟು ಹೇಳಿದರು: "ಇದು ಸೊಪ್ಪು ತಿನ್ನೋ ಹುಳ ಅಂತ ನಮಗೆ ಗೊತ್ತಿತ್ತು ಮೇಡಂ. ಓದಿದೋರು ಹೇಳಿದ್ದಾರೆ ಅಂತ ಮಗಳು ಹಟ ಹಿಡಿದ್ಲು. ಇರಬಹುದೇನೋ ಅಂದ್ಕೊಂಡು ಬಿಟ್ಟೆ."

ಔಷಧಿ ಹೊಡೆಯಬಹುದಿತ್ತಲ್ಲ ಎಂದು ಕೇಳಿದೆ. ಅದೂ ನನ್ನ ಅಜ್ಞಾನವೇ. ಶಿಡ್ಲಘಟ್ಟದ ಕಡೆ ಬರೀ "ಹುಳ" ಎಂದರೆ ರೇಷ್ಮೆ ಹುಳ. ಅವರ ಮನೆಯಲ್ಲಿ ಹುಳ ಆಗ ಮೂರನೇ ಜ್ವರದಲ್ಲಿತ್ತು. ಬದನೆಗೆ ಹೊಡೆದ ಔಷಧಿ ಗಾಳಿಗೆ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಇಡೀ ಬೆಳೆ ಹೋಗುತ್ತದೆ. ಕೈಯಲ್ಲಿ ಆರಿಸುವುದೇ ಅವರಿಗಿದ್ದ ದಾರಿ. ಆ ದಾರಿಯನ್ನು ನನ್ನ ಕಪ್ಪುಹಲಗೆಯ ವಾಕ್ಯ ಮುಚ್ಚಿಸಿತ್ತು.

ಒಂದೇ ಹೆಸರು, ಬೇರೆ ಬೇರೆ ಊಟ

ಆ ಹುಳದ ವೈಜ್ಞಾನಿಕ ಹೆಸರು ಹೆನೊಸೆಪಿಲ್ಯಾಕ್ನ ವಿಜಿಂಟಿಆಕ್ಟೊಪಂಕ್ಟೇಟ. ಕೊನೆಯ ಪದದ ಅರ್ಥ 28 ಚುಕ್ಕಿಯದು ಎಂದು. ಕೃಷಿ ಪುಸ್ತಕಗಳಲ್ಲಿ ಎಪಿಲ್ಯಾಕ್ನ ದುಂಬಿ, ಹಡ್ಡ ದುಂಬಿ ಎಂದೂ ಕರೆಯುತ್ತಾರೆ. ಬದನೆ, ಆಲೂಗೆಡ್ಡೆ, ಟೊಮೆಟೊ ಜಾತಿಯ ಗಿಡಗಳ ಎಲೆಯೇ ಇದರ ಆಹಾರ. ಮರಿಯೂ ತಿನ್ನುತ್ತದೆ, ದೊಡ್ಡದೂ ತಿನ್ನುತ್ತದೆ. ಇದು ಗುಲಗಂಜಿ ಹುಳ ಅಲ್ಲವೇ ಎಂದರೆ, ಹೌದು, ಅದೇ ಕಾಕ್ಸಿನೆಲ್ಲಿಡೆ ಕುಟುಂಬದ್ದು. ಹಾಗಾಗಿ ನನ್ನ ವಿದ್ಯಾರ್ಥಿನಿಯ ತರ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಗುಲಗಂಜಿ ಹುಳವೆಲ್ಲ ಮಿತ್ರ, ಇದು ಗುಲಗಂಜಿ ಹುಳ, ಆದ್ದರಿಂದ ಇದು ಮಿತ್ರ. ತಪ್ಪಿದ್ದದ್ದು ನಾನು ಕೊಟ್ಟ ಮೊದಲ ವಾಕ್ಯದಲ್ಲಿ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು. ಮನೆಯಲ್ಲಿ ಇದನ್ನು "ಅಕ್ಷಿಂತಲ ಪುರುಗು" ಅಂತಾರೆ ಎಂದು ಒಬ್ಬ ಹುಡುಗ ಹೇಳಿದ. ಬದನೆ ಎಲೆ ತಿನ್ನುವುದಕ್ಕೂ ಸಸ್ಯಹೇನು ತಿನ್ನುವುದಕ್ಕೂ ತೆಲುಗಿನಲ್ಲಿ ಅದೇ ಹೆಸರು. ಕನ್ನಡದ ಗುಲಗಂಜಿಯ ಕಥೆಯೂ ಅದೇ. ಹೆಸರು ಬಂದದ್ದು ಮೈಬಣ್ಣ ನೋಡಿ. ಊಟ ನೋಡಿ ಯಾರೂ ಹೆಸರಿಡಲಿಲ್ಲ. ಊಟವನ್ನು ಗುರುತಿಸುವ ಕೆಲಸ ನೋಡುವವರಿಗೇ ಉಳಿಯುತ್ತದೆ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಇನ್ನೊಂದು ವಿಷಯ ಹೇಳಿದ. ಬೇಸಿಗೆಯಲ್ಲಿ ಅವರ ಹಿಪ್ಪುನೇರಳೆಗೆ ತುಕ್ರಾ ಬಂದು ಕುಡಿ ಮುರುಟಿಕೊಂಡಿತ್ತಂತೆ. ಕುಡಿಯಲ್ಲಿ ಬಿಳಿ ಹಿಟ್ಟುತಿಗಣೆ. ಇಲಾಖೆಯವರು ಕೊಟ್ಟ ಹುಳ ಬಿಟ್ಟಿದ್ದರು. ಸ್ವಲ್ಪ ದಿನಕ್ಕೆ "ಇನ್ನೂ ದೊಡ್ಡ ಬಿಳಿ ಹುಳ" ಕಾಣಿಸಿಕೊಂಡವು. ತಿಗಣೆ ಬಲಿತು ದೊಡ್ಡದಾಗಿದೆ ಎಂದುಕೊಂಡು ಅವನೂ ಅವನ ಅಣ್ಣನೂ ಒಂದೊಂದನ್ನೇ ಹಿಸುಕಿ ಹಾಕಿದರಂತೆ.

ಅವನು ವರ್ಣಿಸಿದ್ದನ್ನು ಕೇಳಿದರೆ ಅವು ಬಹುಪಾಲು ಕ್ರಿಪ್ಟೊಲೇಮಸ್ ಮರಿಗಳೇ. ಕ್ರಿಪ್ಟೊಲೇಮಸ್ ಮಾಂಟ್ರೊಜಿಯೆರಿ ಎಂಬುದು ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳ. 1898ರಲ್ಲಿ ಭಾರತಕ್ಕೆ ತಂದರು. ದ್ರಾಕ್ಷಿಯಲ್ಲಿ, ಹಿಪ್ಪುನೇರಳೆಯಲ್ಲಿ ಹಿಟ್ಟುತಿಗಣೆಯ ಹತೋಟಿಗೆ ಇದನ್ನು ಸಾಕಿ ಬಿಡುತ್ತಾರೆ. ದೊಡ್ಡ ಹುಳದಲ್ಲಿ ಒಂದು ಚುಕ್ಕಿಯೂ ಇಲ್ಲ. ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆ, ರೆಕ್ಕೆಯ ತುದಿಯಲ್ಲೂ ಸ್ವಲ್ಪ ಕಿತ್ತಳೆ. ಮರಿಯ ಮೈಮೇಲೆ ಬಿಳಿ ಮೇಣದ ಎಳೆಗಳು ಜೋತಾಡುತ್ತಿರುತ್ತವೆ. ದೂರದಿಂದ ನೋಡಿದರೆ ಅದು ತಿನ್ನುವ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ.

ಒಂದು ಮನೆಯಲ್ಲಿ ಶತ್ರುವನ್ನು ಮಿತ್ರನೆಂದು ಉಳಿಸಿದರು, ಇನ್ನೊಂದು ಮನೆಯಲ್ಲಿ ಮಿತ್ರನನ್ನು ಶತ್ರುವೆಂದು ಕೊಂದರು. ನನ್ನ 7 ಚುಕ್ಕಿಯ ಥರ್ಮೋಕೋಲ್ ಹುಳ ಇಬ್ಬರಿಗೂ ನೆರವಾಗುವಂತಿರಲಿಲ್ಲ.

ಎರಡನೆಯ ಪಾಠ

ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಅದೇ ಪಾಠವನ್ನು ಇನ್ನೊಮ್ಮೆ ಮಾಡಿದೆ. ಈ ಸಲ ಬೋಧನೋಪಕರಣ ತರುವುದನ್ನು ಮಕ್ಕಳಿಗೇ ಬಿಟ್ಟೆ. ಬೆಂಕಿಪೆಟ್ಟಿಗೆಗಳಲ್ಲಿ, ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಗಳಲ್ಲಿ ಹುಳಗಳು ಬಂದವು. ಬದನೆಯಿಂದ ಬಂದವು, ಅವರೆ ಗಿಡದಿಂದ ಬಂದವು, ಸೇವಂತಿಗೆಯಿಂದ ಬಂದವು. ನಾನು ಗೌರಿಬಿದನೂರು ಕಡೆಯ ನಮ್ಮೂರಿನ ಮುಸುಕಿನ ಜೋಳದ ಸೂಲಂಗಿಯಿಂದ ಒಂದಿಷ್ಟು ಹಿಡಿದು ತಂದಿದ್ದೆ. ಪದವಿಯ ದಿನಗಳ ಕೈಮಸೂರವೂ ಜೊತೆಗಿತ್ತು.

ಮೊದಲು ಗುಂಪು ಮಾಡಿ ಎಂದೆ. ಮಕ್ಕಳು ಬಣ್ಣ ನೋಡಿ ಗುಂಪು ಮಾಡಿದರು. ಚುಕ್ಕಿ ಇದ್ದವು ಒಂದು ಕಡೆ, ಗೆರೆ ಇದ್ದವು ಒಂದು ಕಡೆ, ಹಳದಿ ಒಂದು ಕಡೆ, ಕೆಂಪು ಒಂದು ಕಡೆ. "ಮಿಸ್, ಚುಕ್ಕಿ ಎಣಿಸಿದ್ರೆ ಅದರ ವಯಸ್ಸು ಗೊತ್ತಾಗುತ್ತಂತೆ, ಹೌದಾ?" ಎಂಬ ಪ್ರಶ್ನೆ ಬಂತು. ಇಲ್ಲ. ಕೋಶದಿಂದ ಆಗ ತಾನೇ ಹೊರಬಂದ ಹುಳ ಮಸುಕು ಹಳದಿಯಾಗಿ, ಚುಕ್ಕಿಯೇ ಇಲ್ಲದಂತೆ ಇರುತ್ತದೆ. ಕೆಲವು ಗಂಟೆಗಳಲ್ಲಿ ಬಣ್ಣ ಬಲಿತು ಚುಕ್ಕಿ ಮೂಡುತ್ತದೆ. ಆಮೇಲೆ ವಯಸ್ಸಾದಂತೆ ಚುಕ್ಕಿ ಹೆಚ್ಚುವುದಿಲ್ಲ. ಚುಕ್ಕಿ ಎಣಿಸಿ ಜಾತಿ ಹೇಳುವುದೂ ಯಾವಾಗಲೂ ನಡೆಯುವುದಿಲ್ಲ. ಬದನೆ ಹುಳಗಳಲ್ಲಿ ಒಂದಕ್ಕೆ ಮಕ್ಕಳು 28 ಎಣಿಸಿದರು, ಇನ್ನೊಂದರಲ್ಲಿ ಎರಡು ಚುಕ್ಕಿ ಕೂಡಿಕೊಂಡು 27 ಆಯಿತು.

ಗುಂಪು ಮಾಡುವುದು ಸರಿಯಾಯಿತೇ ಎಂದು ಪರೀಕ್ಷಿಸುವುದು ಹೇಗೆ? ಯಾವುದು ಏನು ತಿನ್ನುತ್ತದೆ ಎಂದು ನೋಡೋಣ ಎಂದರು ಮಕ್ಕಳು. ಬದನೆ ಹುಳಕ್ಕೆ ಬದನೆ ಎಲೆ, ಅವರೆ ಹುಳಕ್ಕೆ ಹೇನು ಹತ್ತಿದ ಅವರೆ ಕುಡಿ ಎಂದು ನಾನು ಎರಡು ಗಾಜಿನ ಬಾಟಲಿ ಇಟ್ಟೆ. ಆಗ ಹಿಂದಿನ ಬೆಂಚಿನ ಅದೇ ಹುಡುಗ "ಎರಡಕ್ಕೂ ಎರಡನ್ನೂ ಹಾಕಿ ನೋಡ್ಬೇಕಲ್ವಾ ಮಿಸ್" ಎಂದ. ಬಾಟಲಿ ನಾಲ್ಕಾಯಿತು. ಬಾಯಿಗೆ ತೆಳು ಬಟ್ಟೆ ಕಟ್ಟಿ ರಬ್ಬರ್ ಹಾಕಿ ರಾತ್ರಿ ಇಟ್ಟೆವು.

ಬೆಳಿಗ್ಗೆ ನೋಡಿದಾಗ ಬದನೆ ಹುಳವಿದ್ದ ಬಾಟಲಿಯಲ್ಲಿ ಬದನೆ ಎಲೆಯ ಮೇಲೆ ಸಾಲು ಸಾಲು ಗೀರುಗಳಾಗಿದ್ದವು, ಅವರೆ ಕುಡಿಯ ಹೇನು ಮಾತ್ರ ಹಾಗೇ ಇತ್ತು. ಅವರೆ ಹುಳವಿದ್ದ ಬಾಟಲಿಯಲ್ಲಿ ಬದನೆ ಎಲೆಗೆ ಏನೂ ಆಗಿರಲಿಲ್ಲ, ಕುಡಿಯ ಮೇಲೆ ಒತ್ತಾಗಿದ್ದ ಹೇನುಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಯಾವುದು ಎಲೆ ತಿನ್ನುತ್ತದೆ ಎಂದು ಈಗ ಯಾರೂ ಮಕ್ಕಳಿಗೆ ಹೇಳಬೇಕಾಗಿರಲಿಲ್ಲ.

ಆಮೇಲೆ ಮಸೂರ ಕೊಟ್ಟು, ಈ ಎರಡರ ಮೈಯಲ್ಲಿ ಏನು ವ್ಯತ್ಯಾಸವಿದೆ ಹುಡುಕಿ ಎಂದೆ. ಉತ್ತರ ಬೇಗ ಬಂತು. ಬದನೆ ಹುಳದ ಬೆನ್ನು ಮಂಕು, ಅದರ ಮೇಲೆ ಸಣ್ಣ ಕೂದಲಿದೆ. ಅವರೆ ಹುಳದ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ, ಕೂದಲಿಲ್ಲ. ನಮ್ಮ ಹೊಲಗಳಲ್ಲಿ ಸಾಮಾನ್ಯವಾಗಿ ಸಿಗುವ ಈ ಎರಡು ಗುಂಪುಗಳನ್ನು ಬೇರೆ ಮಾಡಲು ಈ ಒಂದು ಗುರುತು ಬಹುಮಟ್ಟಿಗೆ ಸಾಕು. ಆದರೆ ಇದನ್ನೂ ಕುರುಡು ಸೂತ್ರ ಮಾಡಿಕೊಳ್ಳಬಾರದು. ಹಿಟ್ಟುತಿಗಣೆ ತಿನ್ನುವ ಕ್ರಿಪ್ಟೊಲೇಮಸ್‌ನ ಬೆನ್ನ ಮೇಲೂ ಸಣ್ಣ ಕೂದಲಿದೆ. ಆದ್ದರಿಂದ ಗುರುತು, ಅದು ಕೂತಿರುವ ಗಿಡ, ಆ ಗಿಡದ ಎಲೆಯ ಸ್ಥಿತಿ, ಈ ಮೂರನ್ನೂ ಕೂಡಿಸಿ ನೋಡಬೇಕು.

ಹೊಳೆಯುವ ಹುಳಗಳಲ್ಲೂ ಮಕ್ಕಳು ತಾವಾಗಿಯೇ ಮುಂದೆ ಹೋದರು. ಅವರೆಯಿಂದ ಬಂದವುಗಳಲ್ಲಿ ಎರಡು ಬಗೆ ಇದ್ದವು. ಎರಡರ ಬೆನ್ನ ನಡುವೆಯೂ ಕಪ್ಪು ಗೆರೆ, ಅಕ್ಕಪಕ್ಕದಲ್ಲಿ ಕಪ್ಪು ಪಟ್ಟೆ. ನಾನೂ ಮೊದಲು ಒಂದೇ ಎಂದುಕೊಂಡಿದ್ದೆ. ತಲೆಗೂ ರೆಕ್ಕೆಗೂ ನಡುವಿನ ಭಾಗಕ್ಕೆ ಮಕ್ಕಳು "ಕುತ್ತಿಗೆ ಪಟ್ಟಿ" ಎಂದು ಹೆಸರಿಟ್ಟು ಅದನ್ನೇ ನೋಡಿದರು. ಒಂದರದು ಕಪ್ಪು, ಎರಡು ಮುಂಮೂಲೆಯಲ್ಲಿ ಮಾತ್ರ ತಿಳಿಬಣ್ಣದ ಮಚ್ಚೆ. ಇನ್ನೊಂದರದು ತಿಳಿ ಹಳದಿ, ನಡುವೆ ಕಪ್ಪು ಗುರುತು. ಮೊದಲನೆಯದು ಕಾಕ್ಸಿನೆಲ್ಲ ಟ್ರಾನ್ಸ್‌ವರ್ಸಾಲಿಸ್, ಎರಡನೆಯದು ಕೈಲೊಮೆನೀಸ್ ಸೆಕ್ಸ್‌ಮಾಕ್ಯುಲೇಟ. ಸೆಕ್ಸ್‌ಮಾಕ್ಯುಲೇಟ ಎಂದರೆ ಆರು ಮಚ್ಚೆಯದು. ಆದರೆ ಮೈಮೇಲೆ ಕಾಣುವುದು ಹೆಚ್ಚಾಗಿ ಅಂಕುಡೊಂಕು ಗೆರೆಗಳು. ಬಣ್ಣವೂ ಒಂದೇ ಇರುವುದಿಲ್ಲ, ಹಳದಿಯಿಂದ ಕಿತ್ತಳೆ, ಕೆಂಪಿನವರೆಗೆ ಬದಲಾಗುತ್ತದೆ. ಮಕ್ಕಳು ಹಳದಿ, ಕೆಂಪು ಎಂದು ಬೇರೆ ಮಾಡಿದ್ದ ಕೆಲವು ಹುಳಗಳು ಒಂದೇ ಜಾತಿ ಎಂದಾಯಿತು, ಒಂದೇ ಎಂದು ಸೇರಿಸಿದ್ದು ಎರಡು ಜಾತಿ ಎಂದಾಯಿತು. ಈ ತಿರುವು ಮುರುವಿಗೆ ತರಗತಿಯಲ್ಲಿ ಎದ್ದ ಗದ್ದಲವನ್ನು ನಾನು ಶಿಸ್ತಿನ ಕೊರತೆ ಎಂದು ಎಣಿಸಲಾರೆ.

ಕೊನೆಗೆ ಒಂದು ಹುಡುಗಿ ಹಿಪ್ಪುನೇರಳೆ ಎಲೆಯ ಮೇಲಿದ್ದ ಹುಳ ತೋರಿಸಿದಳು. ನಿಂಬೆ ಹಳದಿ ಬೆನ್ನು, ಒಂದೂ ಚುಕ್ಕಿಯಿಲ್ಲ. ಕುತ್ತಿಗೆ ಪಟ್ಟಿ ಬಿಳಿ, ಅದರಲ್ಲಿ ಎರಡು ಕಪ್ಪು ಚುಕ್ಕಿ. "ಇದು ಮಿತ್ರನಾ, ಶತ್ರುನಾ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಬೋಧನಾಭ್ಯಾಸದಲ್ಲಿ ತರಗತಿಯ ಮುಂದೆ ಆ ಪದ ಹೇಳಿದ್ದು ಅದೇ ಮೊದಲು. ಎಲೆಯನ್ನು ತಿರುಗಿಸಿ ನೋಡು ಎಂದೆ. ಕೆಳಗೆ ಬೂದಿ ರೋಗದ ಬಿಳಿ ಪುಡಿ. ಎಲೆ ಹರಿದಿರಲಿಲ್ಲ, ಹೇನೂ ಇರಲಿಲ್ಲ. ಆಮೇಲೆ ಚಿತ್ರಗಳೊಂದಿಗೆ ಹೋಲಿಸಿ ನೋಡಿದಾಗ ಅದು ಇಲ್ಲೀಸ್ ಎಂಬ ಕುಲದ್ದು ಎಂದು ತಿಳಿಯಿತು. ಅದು ಬೂದಿ ರೋಗದ ಶಿಲೀಂಧ್ರವನ್ನೇ ತಿಂದು ಬದುಕುತ್ತದೆ. ಮಿತ್ರ, ಶತ್ರು ಎಂಬ ನನ್ನ ಎರಡು ಕಂಬಸಾಲಿನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹುಡುಗಿಯ ಪ್ರಶ್ನೆ "ಯಾವುದು ಏನು ತಿನ್ನುತ್ತದೆ" ಎಂದಾದ ಮೇಲೆ ಜಾಗ ಸಿಕ್ಕಿತು.

ನಮ್ಮ ಹಾಳೆಯಲ್ಲಿ ಇಲ್ಲದ ಕಂಬಸಾಲು

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಉಪಕಾರಿ, ಹಾನಿಕಾರಕ ಎಂಬ ಹಣೆಪಟ್ಟಿ ಕೊಟ್ಟು, ಒಂದರಿಂದ ಒಂದನ್ನು ಬೇರೆ ಮಾಡಿ ನೋಡುವ ಕಣ್ಣು ಕೊಡದ ಪಾಠ ಅರ್ಧ ಪಾಠವಲ್ಲ, ಹಾನಿ ಮಾಡುವ ಪಾಠ. ಏನೂ ಕಲಿಸದಿದ್ದರೆ ಆ ತಾಯಿ ತಮ್ಮ ತಿಳಿವಳಿಕೆಯಂತೆ ಹುಳ ಆರಿಸುತ್ತಿದ್ದರು. ಶಾಲೆಯ ಮಾತಿಗೆ ಇರುವ ತೂಕ ಅವರ ಸರಿಯಾದ ತಿಳಿವಳಿಕೆಯನ್ನೇ ಪಕ್ಕಕ್ಕೆ ತಳ್ಳಿತು.

ನನ್ನ ಮೊದಲ ಪಾಠವನ್ನು ವೀಕ್ಷಿಸಿದವರ ಮೇಲೆ ನನಗೆ ದೂರಿಲ್ಲ. ಹಾಳೆಯಲ್ಲಿ ಕೇಳಿದ್ದಕ್ಕೆಲ್ಲ ಅವರು ನ್ಯಾಯವಾಗಿ ಅಂಕ ಕೊಟ್ಟರು. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಪುನರ್ಬಲನ, ಕಪ್ಪುಹಲಗೆ ಬಳಕೆ, ಬೋಧನೋಪಕರಣ, ಧ್ವನಿಯ ಏರಿಳಿತ, ಸಮಾಪ್ತಿ. ಎಲ್ಲ ಇತ್ತು. ಹೇಳಿದ ವಾಕ್ಯ ಹೊಲದಲ್ಲಿ ನಿಲ್ಲುತ್ತದೆಯೇ ಎಂದು ಕೇಳುವ ಕಂಬಸಾಲು ಮಾತ್ರ ಇರಲಿಲ್ಲ. ನಮ್ಮ ಸಹಪಾಠಿಗಳ ಪಾಠಯೋಜನೆಗಳನ್ನು ತಿರುವಿದರೂ ಇದೇ ಕಾಣುತ್ತದೆ. ಔಷಧೀಯ ಗಿಡ, ವಿಷದ ಹಾವು, ಒಳ್ಳೆಯ ಬ್ಯಾಕ್ಟೀರಿಯ, ಎಲ್ಲದಕ್ಕೂ ಒಂದೊಂದು ಉದಾಹರಣೆ, ಒಂದೊಂದು ಚಿತ್ರ. ಅದೇ ರೀತಿ ಕಾಣುವ, ಆದರೆ ಅದಲ್ಲದ ಇನ್ನೊಂದರ ಚಿತ್ರ ಪಕ್ಕದಲ್ಲಿ ಇರುವುದಿಲ್ಲ. ಚಿಂತಾಮಣಿ ಕಡೆ ಬೋಧನಾಭ್ಯಾಸ ಮಾಡಿದ ಗೆಳತಿಗೆ ಈ ಕಥೆ ಹೇಳಿದೆ. ಟೊಮೆಟೊ ತೋಟಗಳ ಆ ಊರಿನಲ್ಲಿ ಅವಳೂ ಅದೇ ವಾಕ್ಯವನ್ನೇ ಬರೆಸಿದ್ದಳು.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು, ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. 40 ನಿಮಿಷದ ಅವಧಿ, ಮುಗಿಸಬೇಕಾದ ಪಠ್ಯ, ಇದೆಲ್ಲ ಎಲ್ಲಿ ಸಾಧ್ಯ ಎಂಬುದು ಮೊದಲನೆಯದು. ನಾನು ಥರ್ಮೋಕೋಲ್ ಹುಳಕ್ಕೆ ಎರಡು ರಾತ್ರಿ ಕಳೆದೆ. ಬಾಟಲಿ ಪ್ರಯೋಗಕ್ಕೆ ತರಗತಿಯ ಒಂದೂವರೆ ಅವಧಿ ಹಿಡಿಯಿತು. ಅಷ್ಟು ಸಮಯ ಹೆಚ್ಚು ಬೇಕು ಎಂಬುದು ನಿಜ. ಎಲ್ಲ ಪಾಠಕ್ಕೂ ಅದು ಆಗದು. ಹೊಲಕ್ಕೋ ಅಡುಗೆಮನೆಗೋ ಮಗು ಒಯ್ದು ಬಳಸುವ ಪಾಠಗಳಿಗಾದರೂ ಆಗಬೇಕು.

ಪ್ರೌಢಶಾಲೆಯ ಮಕ್ಕಳಿಗೆ ಇಷ್ಟು ಸೂಕ್ಷ್ಮ ಬೇಕೇ, ಅವರೇನು ಕೀಟಶಾಸ್ತ್ರಜ್ಞರೇ ಎಂಬುದು ಎರಡನೆಯದು. ಶಿಡ್ಲಘಟ್ಟದ ಮಕ್ಕಳ ಬಗ್ಗೆ ಈ ಮಾತು ಹೇಳುವವರು ಒಮ್ಮೆ ಅವರ ಮನೆಯಲ್ಲಿ ಗೂಡು ವಿಂಗಡಿಸುವುದನ್ನು ನೋಡಬೇಕು. ಜೋಡಿ ಗೂಡು, ಕಲೆ ಗೂಡು, ತೆಳು ಗೂಡು ಎಂದು ಕೈಗೆ ತಾಗಿದಾಗಲೇ ಬೇರೆ ಮಾಡುವ ಮಕ್ಕಳು ಅವರು. ಹುಳ ಹಣ್ಣಾಯಿತೋ ಇಲ್ಲವೋ ಎಂದು ಮೈಬಣ್ಣ ನೋಡಿ ಹೇಳಿ ಚಂದ್ರಿಕೆಗೆ ಬಿಡುವ ಮಕ್ಕಳು. ಅವರ ಕಣ್ಣಿನಲ್ಲಿ ಕೊರತೆಯಿಲ್ಲ. ಆ ಕಣ್ಣಿಗೆ ವಿಜ್ಞಾನದ ಅವಧಿಯಲ್ಲಿ ಕೆಲಸ ಕೊಡದಿರುವುದು ನಮ್ಮ ಕೊರತೆ. ಏಷ್ಯಾ ಮೂಲದ ಹಾರ್ಲೆಕ್ವಿನ್ ಗುಲಗಂಜಿ ಹುಳ 2004ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಾಗ, ಅದು ಎಲ್ಲೆಲ್ಲಿ ಹರಡುತ್ತಿದೆ ಎಂದು ತಿಳಿಯಲು ವಿಜ್ಞಾನಿಗಳು ಸಾಮಾನ್ಯ ಜನರ ನೆರವನ್ನೇ ಕೇಳಿದರು. ಅದು ಹತ್ತಾರು ಬಣ್ಣಗಳಲ್ಲಿ ಬರುವ ಹುಳ. ಅಲ್ಲಿನ ಜನರೂ ಮೊದಲು ಗೊಂದಲ ಪಟ್ಟರು, ಆಮೇಲೆ ನೋಡುತ್ತ ನೋಡುತ್ತ ಕಲಿತರು.

ಶಿಕ್ಷಕರಿಗೇ ಗೊತ್ತಿಲ್ಲದಿದ್ದರೆ ಎಂಬುದು ಮೂರನೆಯದು. ನನ್ನಂಥವರನ್ನು ಹೆಚ್ಚು ಹೆದರಿಸುವುದು ಇದೇ. ಗೊತ್ತಿಲ್ಲ ಎಂದರೆ ತರಗತಿ ಕೈತಪ್ಪುತ್ತದೆ ಎಂದು ನಮಗೆ ಭಯ. ನನ್ನ ಅನುಭವದಲ್ಲಿ ಹಾಗಾಗಲಿಲ್ಲ. ಗೊತ್ತಿಲ್ಲ ಎಂದ ಮೇಲೆ "ನೋಡೋಣ" ಎಂದು ಎಲೆ ತಿರುಗಿಸಲು ಹೇಳಿದರೆ ಇಡೀ ತರಗತಿ ಮುಂದೆ ಬಂದು ನಿಲ್ಲುತ್ತದೆ. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂದು ಜೀವನವಿಡೀ ಹೇಳಿದ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಹೆಸರಿನಲ್ಲಿ ಭಾಷಣ ಸ್ಪರ್ಧೆ ಮಾಡುವ ನಾವು, ಶಿಕ್ಷಕಿಯ ವಾಕ್ಯವನ್ನು ಮಗು ಪ್ರಶ್ನಿಸುವುದಕ್ಕೆ ಪಾಠಯೋಜನೆಯಲ್ಲಿ ಎರಡು ನಿಮಿಷವನ್ನೂ ಇಟ್ಟಿರುವುದಿಲ್ಲ.

ಹತ್ತಿರದಲ್ಲೇ ಕೇಳಬಹುದಾದ ಜಾಗಗಳೂ ಇವೆ. ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯೇ ಇದೆ. ಚಿಕ್ಕಬಳ್ಳಾಪುರದಿಂದ ಯಾವುದೂ ದೂರವಲ್ಲ.

ನಮ್ಮ ಬೋಧಕರಲ್ಲಿ ನನ್ನ ವಿನಂತಿ ಮೂರು. ಒಂದು, ಜೀವವಿಜ್ಞಾನದ ಪಾಠ ವೀಕ್ಷಣಾ ಹಾಳೆಗೆ ಒಂದು ಸಾಲು ಸೇರಿಸಿ: "ಇದನ್ನೇ ಹೋಲುವ ಇನ್ನೊಂದರಿಂದ ಇದನ್ನು ಮಗು ಯಾವ ಗುರುತಿನಿಂದ ಬೇರೆ ಮಾಡಬಲ್ಲದು?" ಪ್ರಶಿಕ್ಷಣಾರ್ಥಿ ಉತ್ತರ ಬರೆಯಲು ಆಗದಿದ್ದರೆ ಆ ಉದಾಹರಣೆಯನ್ನು ಕೈಬಿಡಲಿ. ಎರಡು, ಪ್ರತಿ ವರ್ಷ ಬೋಧನಾಭ್ಯಾಸಕ್ಕೆ ಹೋಗುವ ಮೊದಲು ಒಂದು ದಿನ ನಮ್ಮನ್ನು ಶಾಲೆಯಿರುವ ಊರಿನ ಹೊಲಕ್ಕೆ ಕಳುಹಿಸಿ. ಯಾವ ಬೆಳೆ, ಯಾವ ಹುಳ, ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ಬರೆದುಕೊಂಡು ಬರಲಿ. ನಾನು ಆ ತಾಯಿಯೊಡನೆ ಹತ್ತು ನಿಮಿಷ ಮೊದಲೇ ಮಾತಾಡಿದ್ದರೆ ನನ್ನ ಏಳನೆಯ ಪಾಠ ಬೇರೆಯಾಗಿರುತ್ತಿತ್ತು. ಮೂರು, ತಪ್ಪಿಹೋದ ಪಾಠವನ್ನು ತಿದ್ದಿ ಮತ್ತೆ ಮಾಡಿದರೆ ಅದನ್ನೂ ಒಂದು ಪಾಠವೆಂದು ಲೆಕ್ಕಕ್ಕೆ ಹಿಡಿಯಿರಿ. ಈಗ ನನ್ನ ಎರಡನೆಯ ಪಾಠ ಯಾವ ಪಟ್ಟಿಯಲ್ಲೂ ಇಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ, ಈ ಪಾಠ ನಿಮಗೂ ಬಂದರೆ, ನನ್ನ ತರಗತಿಯ ಮಕ್ಕಳು ಕೊನೆಗೆ ತಾವೇ ಮಾಡಿಕೊಂಡ ಐದು ಪ್ರಶ್ನೆಗಳನ್ನು ಕೊಡುತ್ತೇನೆ. ಯಾವ ಗಿಡದ ಮೇಲೆ ಕೂತಿದೆ? ಆ ಗಿಡದ ಎಲೆ ಕೆರೆದಿದೆಯೇ, ಹೇನು ಅಥವಾ ತಿಗಣೆ ಇದೆಯೇ, ಬೂದಿ ಇದೆಯೇ? ಬೆನ್ನು ಹೊಳೆಯುತ್ತದೆಯೇ, ಮಂಕಾಗಿ ಕೂದಲಿದೆಯೇ? ಕುತ್ತಿಗೆ ಪಟ್ಟಿ ಹೇಗಿದೆ? ಬಿಳಿಯಾಗಿದ್ದರೆ, ಕಡ್ಡಿಯಿಂದ ಮುಟ್ಟಿದಾಗ ಅಂಟಿಕೊಂಡೇ ಇರುತ್ತದೆಯೇ, ಆರು ಕಾಲಲ್ಲಿ ಚುರುಕಾಗಿ ನಡೆದು ಹೋಗುತ್ತದೆಯೇ? ಚುಕ್ಕಿ ಎಷ್ಟು ಎಂಬ ಪ್ರಶ್ನೆಯನ್ನು ಅವರು ಪಟ್ಟಿಯಿಂದ ತಾವಾಗಿಯೇ ತೆಗೆದುಹಾಕಿದರು.

ಬೋಧನಾಭ್ಯಾಸದ ಕೊನೆಯ ದಿನ ಆ ವಿದ್ಯಾರ್ಥಿನಿ ಒಂದು ಕಾಗದದ ಪೊಟ್ಟಣ ತಂದುಕೊಟ್ಟಳು. ನಾಲ್ಕು ಬದನೆಕಾಯಿ. ಅಮ್ಮ ಮತ್ತೆ ಹುಳ ಆರಿಸಲು ಶುರು ಮಾಡಿದ್ದಾರೆ, ಹೊಸ ಎಲೆ ಬಂದಿದೆ ಎಂದಳು. "ಈಗ ನಾನೂ ಆರಿಸ್ತೀನಿ ಮಿಸ್. ಹೊಳೆಯೋದನ್ನ ಬಿಟ್ಬಿಡ್ತೀನಿ."